ನಟ್ಟಿಗೆ ಕೈ ಹಾಕುವ ಮೊದಲು

ಕೇಳುಗರಿಗೆ ನಮಸ್ಕಾರ. ಹಳೇ ಕಾರು ಇಟ್ಟುಕೊಂಡವರಿಗೆ ಇವತ್ತು ಒಂದು ಮಾತು ಹೇಳಬೇಕು. ಎಂಜಿನ್ ಸ್ವಲ್ಪ ಕೆಮ್ಮಿತು ಅಂತ ಕೂಡಲೇ ಕಾರ್ಬೊರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ, ಬಿಚ್ಚಬೇಡಿ.

ನನ್ನ ಹತ್ತಿರ ಒಂದು ಎಂಜಿಬಿ ಇದೆ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಅದಕ್ಕೆ ಎಸ್‌ಯು ಅನ್ನುವ ಕಂಪನಿಯ ಎರಡು ಕಾರ್ಬೊರೇಟರ್. ಒಂದು ಬೇಸಿಗೆಯಲ್ಲಿ ಬಳ್ಳಾರಿಯಿಂದ ಸಂಡೂರಿಗೆ ಹೊರಟಿದ್ದೆ. ತೋರಣಗಲ್ಲು ದಾಟಿದ ಮೇಲೆ ಮಿಸ್ ಹೊಡೆಯತೊಡಗಿತು. ಬೇವಿನ ಮರದ ಕೆಳಗೆ ನಿಲ್ಲಿಸಿ, ಎರಡೂ ಕಾರ್ಬೊರೇಟರ್‌ನ ಪೆಟ್ರೋಲ್ ಪ್ರಮಾಣ ಹೊಂದಿಸುವ ಜೆಟ್ ನಟ್ ತಿರುಗಿಸಿದೆ. ಗಾಡಿ ನಿಂತೇ ಹೋಯಿತು. ಎಳೆಸಿಕೊಂಡು ಮನೆಗೆ ತಂದು ನೋಡಿದರೆ, ಕೆಟ್ಟಿದ್ದು ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ಭಾಗ, ಕಂಡೆನ್ಸರ್! ಅದನ್ನು ಬದಲಿಸಲು ಹತ್ತು ನಿಮಿಷ ಸಾಕಾಯಿತು. ನಾನು ಕೆಡಿಸಿದ ಸೆಟ್ಟಿಂಗ್ ಸರಿಪಡಿಸಲು ಮೂರು ದಿನ ಹಿಡಿಯಿತು.

ಹಾಗಾಗಿ ಮೊದಲು ಕಿಡಿಗೆ ಸಂಬಂಧಿಸಿದ ಪ್ಲಗ್, ಪಾಯಿಂಟ್, ಕಂಡೆನ್ಸರ್ ನೋಡಿ. ಅವು ಸರಿ ಇದ್ದರೆ ಮಾತ್ರ ಕಾರ್ಬೊರೇಟರ್ ಕಡೆ ಬನ್ನಿ.

ಎಸ್‌ಯು ಕಾರ್ಬೊರೇಟರ್‌ನಲ್ಲಿ ಇರುವುದು ಒಂದೇ ಜೆಟ್, ಅಂದರೆ ಪೆಟ್ರೋಲ್ ಹೊರಬರುವ ಸಣ್ಣ ರಂಧ್ರ. ಅದರೊಳಗೆ, ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವ ಒಂದು ಸೂಜಿ. ಆ ಸೂಜಿ ಮೇಲಿನ ಪಿಸ್ಟನ್‌ಗೆ ಸೇರಿಕೊಂಡಿದೆ. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಏಳುತ್ತದೆ, ಸೂಜಿಯೂ ಏಳುತ್ತದೆ, ಪೆಟ್ರೋಲ್‌ಗೆ ದಾರಿ ಬಿಡುತ್ತದೆ. ಎಷ್ಟು ಚೆಂದದ ಲೆಕ್ಕ, ಅಲ್ವಾ?

ಏರ್ ಫಿಲ್ಟರ್ ತೆಗೆದು, ಬೆರಳಿನಿಂದ ಪಿಸ್ಟನ್ ಎತ್ತಿ ಬಿಡಿ. ಕೆಳಗೆ ಬಂದು 'ಟಕ್' ಅನ್ನಬೇಕು. ಆ ಸದ್ದು ಬರದಿದ್ದರೆ ಎಲ್ಲೋ ಹಿಡಿಯುತ್ತಿದೆ ಅಂತ ಅರ್ಥ. ನಮ್ಮ ಕಡೆ ಅದಿರಿನ ಧೂಳು ಜಾಸ್ತಿ. ನಾನು ಪಿಸ್ಟನ್ ಮೇಲಿನ ಡಬ್ಬಿ ಬಿಚ್ಚಿದಾಗ ಒಳಗೆ ಎಣ್ಣೆ ಧೂಳು ಬೆರೆತು, ಕಲಸಿದ ಕುಂಕುಮದಂತೆ ಅಂಟಿತ್ತು. ಪೆಟ್ರೋಲ್‌ನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿದೆ. ಎಮರಿ ಪೇಪರ್ ಮಾತ್ರ ಮುಟ್ಟಿಸಬೇಡಿ, ಅಳತೆ ಹಾಳಾಗುತ್ತದೆ. ಒಂದರ ಪಿಸ್ಟನ್ ಇನ್ನೊಂದಕ್ಕೆ ಹಾಕಬೇಡಿ. ಆ ಡಬ್ಬಿ, ಆ ಪಿಸ್ಟನ್ ಒಂದಕ್ಕೊಂದು ಜೋಡಿ. ಡಬ್ಬಿಯ ಮೇಲಿನ ಮುಚ್ಚಳ ತೆಗೆದು 20 ನಂಬರ್ ಎಂಜಿನ್ ಆಯಿಲ್ ಹಾಕಿ. ಈ ಎಣ್ಣೆ ಒಣಗಿದರೆ, ಜೋರಾಗಿ ರೇಸ್ ಕೊಟ್ಟಾಗ ಗಾಡಿ ಮುಗ್ಗರಿಸುತ್ತದೆ.

ಎರಡೂ ಕಾರ್ಬೊರೇಟರ್ ಸಮನಾಗಿ ಗಾಳಿ ಎಳೆಯುತ್ತಿವೆಯಾ ಅಂತ ತಿಳಿಯಲು ದುಬಾರಿ ಸಾಮಾನು ಬೇಡ. ಎಂಜಿನ್ ಓಡುತ್ತಿರುವಾಗ ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ. ಎರಡರಲ್ಲೂ 'ಸ್ಸ್' ಸದ್ದು ಒಂದೇ ಥರ ಕೇಳುವವರೆಗೆ ಥ್ರಾಟಲ್ ಸ್ಕ್ರೂ, ಅಂದರೆ ಗಾಳಿ ಬಿಡುವ ಬಾಗಿಲಿನ ಸ್ಕ್ರೂ, ಹೊಂದಿಸಿ. ಆಮೇಲೆ ಕೆಳಗಿನ ಜೆಟ್ ನಟ್. ಕೆಳಕ್ಕೆ ಇಳಿಸಿದರೆ ಪೆಟ್ರೋಲ್ ಜಾಸ್ತಿ, ಮೇಲಕ್ಕೆ ಏರಿಸಿದರೆ ಕಡಿಮೆ. ಒಂದು ಸಲಕ್ಕೆ ನಟ್ಟಿನ ಒಂದೇ ಮುಖದಷ್ಟು ತಿರುಗಿಸಿ. ಪಿಸ್ಟನ್ ಕೂದಲೆಳೆಯಷ್ಟು ಎತ್ತಿ ನೋಡಿ. ಎಂಜಿನ್ ಓಟ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಆರಿಹೋಗುವಂತಾದರೆ ಸಾಲುತ್ತಿಲ್ಲ. ಒಂದಿಷ್ಟು ಏರಿ ಇಳಿದರೆ ಸರಿಯಾಗಿದೆ.

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಹೋಸ್ ಅದನ್ನು ತಡೆಯುವುದಿಲ್ಲ, ಬಿರುಕು ಬಿಡುತ್ತದೆ. ಎಂಜಿಬಿಯಲ್ಲಿ ಕಾರ್ಬೊರೇಟರ್ ಇರುವುದು ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ. ಪೆಟ್ರೋಲ್ ಒಸರಿದರೆ ಬೆಂಕಿ. ಹೋಸ್‌ಗಳನ್ನು ದಯವಿಟ್ಟು ಇವತ್ತೇ ಬದಲಿಸಿ.

ಬೇಸಿಗೆಯಲ್ಲಿ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗದಿದ್ದರೆ, ಕಾರ್ಬೊರೇಟರ್‌ಗೆ ಪೆಟ್ರೋಲ್ ಶೇಖರಿಸುವ ಫ್ಲೋಟ್ ಡಬ್ಬಿಯಲ್ಲೇ ಅದು ಕುದಿದಿರಬಹುದು. ಆಗ ಏನನ್ನೂ ಬಿಚ್ಚಬೇಡಿ. ಬಾನೆಟ್ ತೆರೆದು, ಅರ್ಧ ಗಂಟೆ ನೆರಳಲ್ಲಿ ಕೂತು ಕಾಯಿರಿ. ನಮಸ್ಕಾರ.