ಮಳೆಗಾಲದಲ್ಲಿ ಹೆಣೆದ ಬುಟ್ಟಿ, ಮೇ ತಿಂಗಳ ಮದುವೆ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಬುಟ್ಟಿಯನ್ನು ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಮುಚ್ಚಳ ತೆಗೆದು ಮೂಸಿ ನೋಡಿ, ಪಕ್ಕದವರಿಗೆ ದಾಟಿಸಿ. ಕೊನೆಯ ಸಾಲಿನವರೆಗೆ ಹೋಗಿ ನನ್ನ ಕೈಗೆ ವಾಪಸ್ ಬರಬೇಕು. ಹೊಗೆ ವಾಸನೆ ಬರುತ್ತಿದೆ ಅಲ್ವಾ? ಅದರ ಕಥೆ ಆಮೇಲೆ ಹೇಳುತ್ತೇನೆ.

ನನಗೆ ಕೊಟ್ಟಿರುವ ವಿಷಯದ ಹೆಸರು 'ನ್ಯಾಯಯುತ ವ್ಯಾಪಾರ ಮತ್ತು ಸಾಮಾಜಿಕ ಉದ್ಯಮ'. ಹೆಸರು ಕೇಳಿದರೇ ಸ್ವಲ್ಪ ಭಯವಾಗುತ್ತದೆ. ನಾನು ಮಾಡುವುದು ಇಷ್ಟೇ: ಮಡಿಕೇರಿಯಲ್ಲಿ ಒಂದು ಸಣ್ಣ ಅಂಗಡಿ. ಬಿದಿರಿನ ಬುಟ್ಟಿ, ಮೊರ, ಟ್ರೇ, ಚನ್ನಪಟ್ಟಣದ ಕುಂಕುಮದ ಡಬ್ಬಿ, ಕೈಮಗ್ಗದ ಟವೆಲ್ಲು, ಮೇಜಿನ ಹಾಸು. ಮನೆಗೆ ಬೇಕಾದವು, ಮದುವೆಯಲ್ಲಿ ಕೊಡುವಂಥವು. ಲಾಭ ಉಳಿದರೆ ಅದು ನನ್ನ ಮನೆಗೆ ಬರುವುದಿಲ್ಲ, ಮಾಡುವವರ ಕೆಲಸಕ್ಕೇ ಮತ್ತೆ ಹೋಗುತ್ತದೆ. ನಾನು ಸಂಬಳ ತೆಗೆದುಕೊಳ್ಳುತ್ತೇನೆ, ಅದನ್ನೇನೂ ಮುಚ್ಚಿಡುವುದಿಲ್ಲ. ಇಂಥದ್ದನ್ನು ಸಹಕಾರ ಸಂಘವಾಗಿ ಮಾಡಬಹುದು, ಉತ್ಪಾದಕರ ಕಂಪನಿಯಾಗಿ ಮಾಡಬಹುದು, 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಕೆಳಗೆ, ಲಾಭ ಹಂಚಿಕೊಳ್ಳದ ಕಂಪನಿಯಾಗಿಯೂ ಮಾಡಬಹುದು. ಅದನ್ನು ಆಡಿಟರ್ ಹತ್ತಿರ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಈ ನ್ಯಾಯಯುತ ವ್ಯಾಪಾರ, ಅಂದರೆ ಫೇರ್ ಟ್ರೇಡ್ ಅನ್ನುವುದು ಶುರುವಾದದ್ದು ದೊಡ್ಡ ಆಫೀಸಿನಲ್ಲಿ ಅಲ್ಲ. 1946ರಲ್ಲಿ ಎಡ್ನಾ ರೂತ್ ಬೈಲರ್ ಅನ್ನುವ ಅಮೆರಿಕದ ಹೆಂಗಸು ಪೋರ್ಟೊ ರಿಕೊಕ್ಕೆ ಹೋಗಿದ್ದಾಗ ಅಲ್ಲಿನ ಬಡ ಹೆಂಗಸರು ಕಸೂತಿ ಹಾಕುವುದನ್ನು ನೋಡಿದರು. ಆ ಬಟ್ಟೆಗಳನ್ನು ತಂದು, ಕಾರಿನಲ್ಲಿಟ್ಟುಕೊಂಡು ಪರಿಚಯದವರಿಗೆ ಮಾರಿದರು. ಅದೇ ಮುಂದೆ ಟೆನ್ ಥೌಸಂಡ್ ವಿಲೇಜಸ್ ಅನ್ನುವ ಸಂಸ್ಥೆಯಾಗಿ ಬೆಳೆಯಿತು. ಇನ್ನೊಂದು ಕಥೆ ಕೊಡಗಿನವರಿಗೆ ಬೇಗ ಹಿಡಿಸುತ್ತದೆ, ಯಾಕೆಂದರೆ ಅದು ಕಾಫಿಯದ್ದು. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮ್ಯಾಕ್ಸ್ ಹ್ಯಾವೆಲಾರ್ ಅನ್ನುವ ಗುರುತು ಬಂತು. ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿ ಆ ಗುರುತಿನೊಂದಿಗೆ ಮಾಮೂಲಿ ಅಂಗಡಿಗೇ ಬಂತು. ಮಾರುಕಟ್ಟೆ ಬಿದ್ದರೂ ಇಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಒಂದು ಬೆಲೆ ಬೆಳೆಗಾರನಿಗೆ ಸಿಗಬೇಕು, ಅದು ಅದರ ಹಿಂದಿನ ಮಾತು. ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ, ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ಏರಿಳಿದರೆ ಇಲ್ಲಿ ಎಷ್ಟು ಮನೆಗಳ ಮದುವೆ ಮುಂದಕ್ಕೆ ಹೋಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬುಟ್ಟಿಯ ಬೆಲೆ ಅಷ್ಟು ದೂರ ಹೋಗುವುದಿಲ್ಲ. ಶುಕ್ರವಾರದ ಸಂತೆಯಲ್ಲಿ ಸಂಜೆ ಐದಕ್ಕೆ, ಬಸ್ಸಿಗೆ ಹೊತ್ತಾಯಿತು ಅನ್ನುವಾಗ, ಕೊಳ್ಳುವವನು ಹೇಳಿದ್ದೇ ಬೆಲೆ.

ನಮ್ಮ ಅಂಗಡಿಯಲ್ಲಿ ನಿಮ್ಮ ಕೈಯಲ್ಲಿರುವ ಬುಟ್ಟಿಗೆ 650 ರೂಪಾಯಿ. 'ಬುಟ್ಟಿಗೆ ಆರುನೂರೈವತ್ತಾ?' ಅಂತ ಕೇಳದ ಗಿರಾಕಿ ಇಲ್ಲ. ಕೇಳಲಿ. ಲೆಕ್ಕವನ್ನು ಚೀಟಿಯಲ್ಲೇ ಬರೆದು ಒಳಗಿಟ್ಟಿದ್ದೇವೆ. ಹೆಣೆದವರಿಗೆ 320. ಬಿದಿರಿಗೆ 50. ಹೊಗೆ ಹಾಕಿ ಒಣಗಿಸುವ ಖರ್ಚು, ಬಟ್ಟೆ ಚೀಲ, ಸಾಗಣೆ ಎಲ್ಲ ಸೇರಿ 90. ಅಂಗಡಿ ಬಾಡಿಗೆ, ನಮ್ಮ ಸಂಬಳ, ಕರೆಂಟು 120. ಹಾಳಾಗುವ ಮಾಲಿಗೆ ಅಂತ 40. ಉಳಿದ 30 ಹೆಣೆಯುವವರ ನಿಧಿಗೆ.

ಆ 320 ಹೇಗೆ ಬಂತು? ಮೊದಲು ನಾನೇ ತಪ್ಪು ಲೆಕ್ಕ ಹಾಕಿದ್ದೆ. ಒಬ್ಬ ಅಕ್ಕನ ಜಗುಲಿಯಲ್ಲಿ ವಾಚು ಹಿಡಿದು ಕೂತೆ. ಅವರು ಗಳವನ್ನು ಕತ್ತಿಯಿಂದ ಸೀಳಿ, ದಬ್ಬೆ ಮಾಡಿ, ಒಳಗಿನ ಮೆತ್ತನೆ ಭಾಗ ಹೆರೆದು ತೆಗೆದರು. ಹೆಬ್ಬೆರಳಿಗೆ ಹಳೆ ಬಟ್ಟೆ ಸುತ್ತಿಕೊಂಡಿದ್ದರು. ಬಿದಿರಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಎಳೆಗಳನ್ನು ಅಡ್ಡ ಉದ್ದ ಹಾಸಿ, ಕಾಲಿನಿಂದ ಒತ್ತಿ ಹಿಡಿದು ತಳ ಹೆಣೆದರು. ಬುಟ್ಟಿ ಮುಗಿದಾಗ ನಾನು ನಾಲ್ಕು ಗಂಟೆಯ ಕೆಲಸ ಅಂತ ಬರೆದುಕೊಂಡೆ. ಅವರು ನನ್ನ ಪುಸ್ತಕ ನೋಡಿ ನಕ್ಕರು. 'ಬಿದಿರು ತಾನಾಗೇ ನಡ್ಕೊಂಡು ಬಂತಾ ಅಕ್ಕ?' ಅಂದರು. ಕಡಿದು, ಹೊತ್ತು ತರುವುದು ಸೇರಿಸಿದರೆ ಮುಕ್ಕಾಲು ದಿನ. ಕಾಫಿ ತೋಟದ ದಿನಗೂಲಿಗಿಂತ ಕಮ್ಮಿ ಬೀಳಬಾರದು ಅಂತ ಇಟ್ಟುಕೊಂಡು ಬೆಲೆ ಕಟ್ಟಿದೆವು. ಇದೇ ನಮ್ಮ ಅಳತೆಗೋಲು. ಕಮ್ಮಿ ಬಿದ್ದರೆ ಅವರು ಯಾಕೆ ಹೆಣೆಯಬೇಕು, ತೋಟಕ್ಕೆ ಹೋಗುವುದಿಲ್ಲವಾ?

ಬಿದಿರಿನ ಬಗ್ಗೆ ಒಂದು ಮಾತು. 1927ರ ಅರಣ್ಯ ಕಾಯ್ದೆಯಲ್ಲಿ ಬಿದಿರು 'ಮರ' ಆಗಿತ್ತು. ಅದು ಹುಲ್ಲಿನ ಜಾತಿ ಅಂತ ಶಾಲೆ ಮಕ್ಕಳಿಗೂ ಗೊತ್ತು. ಆ ಕಾಯ್ದೆಯ ಮರದ ಪಟ್ಟಿಯಿಂದ ಅದು ಹೊರಗೆ ಬಂದದ್ದು 2017ರ ತಿದ್ದುಪಡಿಯಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತ ಹೇಳಿ, ಅದರ ಮೇಲೆ ಕಾಡಿನ ಜನರಿಗೆ ಹಕ್ಕು ಕೊಟ್ಟಿದೆ. ಕಾಗದದಲ್ಲಿ ಹಕ್ಕು ಇದ್ದರೂ ತಲೆ ಮೇಲೆ ಗಳ ಹೊತ್ತು ರಸ್ತೆಗೆ ಬರುವಾಗ ಎದೆ ಡವಡವ ಅನ್ನುವುದು ನಿಂತಿಲ್ಲ. ಮೇದರು, ಬೆಟ್ಟ ಕುರುಬರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ ಇದು. ನಾವು ಸದ್ಯಕ್ಕೆ ತೋಟದಂಚಿನ ಬಿದಿರನ್ನು ಮಾಲೀಕರಿಂದ ದುಡ್ಡು ಕೊಟ್ಟು ತರುತ್ತೇವೆ, ಚೀಟಿ ಸಮೇತ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ. ಬೆಲೆ ಕಟ್ಟುವುದು ಸುಲಭ. ಕಷ್ಟ ಇರುವುದು ಕ್ಯಾಲೆಂಡರಿನಲ್ಲಿ.

ನಮ್ಮಲ್ಲಿ ಮದುವೆ ಜಾಸ್ತಿ ಏಪ್ರಿಲ್, ಮೇನಲ್ಲಿ. ಹಾಗಾದರೆ ಬುಟ್ಟಿ ಫೆಬ್ರವರಿ, ಮಾರ್ಚಿನಲ್ಲಿ ತಯಾರಾಗಬೇಕು. ಆದರೆ ಡಿಸೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕುಯ್ಲು. ಆಗ ಯಾರೂ ಬುಟ್ಟಿ ಹೆಣೆಯುವುದಿಲ್ಲ, ಹೆಣೆಯಿರಿ ಅಂತ ಕೇಳುವುದೂ ತಪ್ಪು. ಅವರಿಗೆ ಬಿಡುವು ಸಿಗುವುದು ಜೂನ್ ನಂತರ, ಮಳೆ ಹಿಡಿದು ತೋಟದ ಕೆಲಸ ಕಮ್ಮಿಯಾದಾಗ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳಲ್ಲಿ, ಮದುವೆಯೇ ಇಲ್ಲ, ನಮ್ಮ ಅಂಗಡಿಯಲ್ಲಿ ನೊಣವೂ ಇರುವುದಿಲ್ಲ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಅದೇ ಸಮಯಕ್ಕೆ ಮಕ್ಕಳ ಪುಸ್ತಕ, ಕೊಡೆ, ಜ್ವರ, ಅಕ್ಕಿ. ಬುಟ್ಟಿ ಹುಟ್ಟುವುದು ಜುಲೈನಲ್ಲಿ, ಗಿರಾಕಿ ಬರುವುದು ಏಪ್ರಿಲಿನಲ್ಲಿ. ನಡುವಿನ ಒಂಬತ್ತು ತಿಂಗಳು ಯಾರ ತಲೆ ಮೇಲೆ?

ಮೊದಲ ವರ್ಷ ನಾನು ಅದನ್ನು ಅವರ ತಲೆ ಮೇಲೇ ಹಾಕಿದೆ. 'ಮಾರಾಟವಾದ ಮೇಲೆ ಕೊಡುತ್ತೇನೆ' ಅಂದೆ. ಬುಟ್ಟಿಗಳನ್ನು ಅಂಗಡಿ ಹಿಂದಿನ ಕೋಣೆಯಲ್ಲಿ ಪೇರಿಸಿಟ್ಟೆ. ಆಗಸ್ಟಿನಲ್ಲಿ ಒಂದು ದಿನ ಬಾಗಿಲು ತೆಗೆದರೆ ಅರವತ್ತು ಬುಟ್ಟಿಗೆ ಹಸಿರು ಬೂಷ್ಟು ಹಿಡಿದಿದೆ. ಕೈಯಿಟ್ಟರೆ ವೆಲ್ವೆಟ್ಟು. ನಾನು ದೊಡ್ಡ ವ್ಯಾಪಾರಿಯ ಹಾಗೆ, ಹಾಳಾದದ್ದಕ್ಕೆ ದುಡ್ಡಿಲ್ಲ ಅಂತ ಪುಸ್ತಕದಲ್ಲಿ ಅಡ್ಡಗೆರೆ ಎಳೆದೆ. ವಾಚು ನೋಡಿ ನಕ್ಕಿದ್ದ ಅದೇ ಅಕ್ಕ ಕೇಳಿದರು: 'ನಾನು ಕೊಟ್ಟಾಗ ಬೂಷ್ಟು ಇತ್ತಾ ಅಕ್ಕ?'

ಉತ್ತರ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ದುಡ್ಡು ಕೊಟ್ಟೆ. ಪೂರ್ತಿ ಕೊಡಲು ಫೆಬ್ರವರಿ ಆಯಿತು, ಅದೂ ಚಿನ್ನ ಅಡವಿಟ್ಟು.

ಆಮೇಲೆ ಅವರ ಮನೆಗೆ ಹೋದಾಗ ಒಲೆ ಮೇಲಿನ ಅಟ್ಟ ನೋಡಿದೆ. ಹತ್ತು ವರ್ಷ ಹಳೆಯ ಮೊರ, ಒಂದು ಚುಕ್ಕೆ ಬೂಷ್ಟಿಲ್ಲ, ಒಂದು ಕುಟ್ಟೆ ಹುಳ ಇಲ್ಲ. ಹೊಗೆ ಕುಡಿದು ಕುಡಿದು ಜೇನಿನ ಬಣ್ಣಕ್ಕೆ ತಿರುಗಿದೆ. ಈಗ ನಮಗೂ ಒಂದು ಹೊಗೆ ಕೋಣೆ ಇದೆ. ಬೋರಿಕ್ ಆಸಿಡ್, ಬೊರಾಕ್ಸ್ ಬೆರೆಸಿದ ನೀರಿನಲ್ಲಿ ನೆನೆಸುವ ಪದ್ಧತಿಯೂ ಉಂಟು, ಹುಳಕ್ಕೆ ಅದು ಒಳ್ಳೆಯದು. ಆದರೆ ತಿಂಡಿ ಇಡುವ ಬುಟ್ಟಿಗೆ ಅದನ್ನು ಹಾಕುವುದಿಲ್ಲ, ಬರೀ ಹೊಗೆ. ನೀವು ಮೂಸಿದ್ದು ಆ ಹೊಗೆಯನ್ನೇ. ಬೆಂಗಳೂರಿನ ಕೆಲವು ಗಿರಾಕಿಗಳಿಗೆ ಈ ವಾಸನೆ ಇಷ್ಟವಾಗುವುದಿಲ್ಲ. ಎರಡು ದಿನ ಬಿಸಿಲಿಗಿಡಿ ಅನ್ನುತ್ತೇನೆ.

ವಿಶ್ವ ಫೇರ್ ಟ್ರೇಡ್ ಸಂಸ್ಥೆಯ ಹತ್ತು ತತ್ವಗಳಿವೆ. ಬಾಲ ಕಾರ್ಮಿಕರು ಬೇಡ, ಹೆಣ್ಣು ಗಂಡಿಗೆ ಸಮಾನ ಕೂಲಿ, ಪರಿಸರ, ಹೀಗೆ. ಎಲ್ಲ ಬೇಕಾದವೇ. ಆದರೆ ನನ್ನನ್ನು ಕೇಳಿದರೆ ಅದರಲ್ಲಿ ಚಿನ್ನದಂಥ ಮಾತು ಒಂದೇ: ಕರಕುಶಲ ವಸ್ತುಗಳಿಗೆ, ಮಾಡುವವರು ಕೇಳಿದರೆ, ಕನಿಷ್ಠ ಅರ್ಧ ದುಡ್ಡನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು. ನಮ್ಮಲ್ಲಿ ಈಗ ಅರ್ಧ ಜೂನಿನಲ್ಲಿ, ಉಳಿದರ್ಧ ಬುಟ್ಟಿ ಒಪ್ಪಿಸಿದ ದಿನ. ಒಪ್ಪಿಸಿದ ಮೇಲೆ ಬೂಷ್ಟು ಬಂದರೆ, ಇಲಿ ಕಚ್ಚಿದರೆ, ಗಿರಾಕಿ ಬರದಿದ್ದರೆ, ಅದು ಅಂಗಡಿಯ ನಷ್ಟ. ಚೀಟಿಯ ಆ 40 ರೂಪಾಯಿ ಇರುವುದು ಅದಕ್ಕೇ.

ಇದು ಹೊರಗಿನಿಂದ ಬಂದ ಬುದ್ಧಿ ಅಂತ ಅಂದುಕೊಳ್ಳಬೇಡಿ. ನಮ್ಮ ಹಳ್ಳಿ ಮದುವೆಗಳಲ್ಲಿ ಮುಯ್ಯಿ ಬರೆಯುತ್ತಿದ್ದರಲ್ಲ? ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ತೀರಿಸುವುದು. ಖರ್ಚು ಬಿದ್ದ ದಿನವೇ ದುಡ್ಡು ಕೈಗೆ ಬರುತ್ತದೆ, ತೀರಿಸುವುದು ನಿಧಾನವಾಗಿ. ಕೊಡವರ ಮದುವೆಯಲ್ಲೂ ಅಕ್ಕಿ ಹಾಕಿ ಹರಸಿ, ಕಿಂಡಿ ಅನ್ನುವ ಕೊಕ್ಕಿನ ಚೊಂಬಿನಿಂದ ಹಾಲು ಕುಡಿಸಿ, ಕೈಗೆ ದುಡ್ಡು ಕೊಡುತ್ತಾರೆ. ವಸ್ತು ಉಡುಗೊರೆಯ ಗದ್ದಲ ಇತ್ತೀಚಿನದ್ದು.

ಆ ಗದ್ದಲದಲ್ಲೇ ನನ್ನ ಹೊಟ್ಟೆಪಾಡೂ ಇದೆ, ಬೈದರೆ ಆಗುವುದಿಲ್ಲ. ನನ್ನ ಮದುವೆಗೆ ಐದು ಗೋಡೆ ಗಡಿಯಾರ ಬಂದಿದ್ದವು, ಎರಡಕ್ಕೆ ಒಂದೇ ಬಣ್ಣದ ಕಾಗದ. ಅವು ಇನ್ನೊಬ್ಬರ ಮದುವೆಗೆ ಹೋದವು, ನನ್ನ ಹತ್ತಿರ ಬಂದಿದ್ದೂ ಹಾಗೇ ಇರಬೇಕು. ಈಗ ಆಮಂತ್ರಣದಲ್ಲೇ 'ಆಶೀರ್ವಾದವೇ ಉಡುಗೊರೆ' ಅಂತ ಹಾಕುತ್ತಾರೆ. ಆದ್ದರಿಂದ ನಮ್ಮಲ್ಲಿ ಜಾಸ್ತಿ ಹೋಗುವುದು ಮದುವೆ ಮನೆಯವರೇ ನೆಂಟರಿಗೆ ಕೊಡುವ ರಿಟರ್ನ್ ಗಿಫ್ಟು. ಇನ್ನೂರು ಸಣ್ಣ ಬುಟ್ಟಿ, ಒಳಗೆ ಏಲಕ್ಕಿ, ಕಾಳುಮೆಣಸು, ಒಂದು ಕಾಫಿ ಪುಡಿ ಪೊಟ್ಟಣ. ಇಂಥ ಆರ್ಡರನ್ನು ಮಾರ್ಚಿನಲ್ಲಿ ಬಂದು ಕೇಳಿದರೆ ಇಲ್ಲ ಅನ್ನುತ್ತೇನೆ. ಹುಡುಗಿ ನೋಡಿದ ದಿನವೇ ಬನ್ನಿ ಅಂತ ತಮಾಷೆ ಮಾಡುತ್ತೇನೆ, ಅದು ಪೂರ್ತಿ ತಮಾಷೆಯೂ ಅಲ್ಲ.

ಕಿಂಡಿಯನ್ನೂ ಕೇಳುತ್ತಾರೆ, ಹಿತ್ತಾಳೆಯದು. ಎರಡು ಸಲ ತರಿಸಿದೆ. ಯಾರು ಎರಕ ಹೊಯ್ದರು, ಅವರಿಗೆ ಎಷ್ಟು ಸಿಕ್ಕಿತು ಅಂತ ತಂದುಕೊಟ್ಟವನಿಗೂ ಗೊತ್ತಿರಲಿಲ್ಲ. ಅದನ್ನು ಬೇರೆ ಕಪಾಟಿನಲ್ಲಿ, ಚೀಟಿ ಇಲ್ಲದೆ ಮಾರುತ್ತೇನೆ. ಚನ್ನಪಟ್ಟಣದ ಡಬ್ಬಿಗಾದರೆ ಚೀಟಿ ಇದೆ, ಯಾಕೆಂದರೆ ಆ ಮನೆಗೆ ಹೋಗಿ ಕೂತು ನೋಡಿದ್ದೇನೆ. ಆಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ.

ಇನ್ನು ಸಾಲದ ಗಿರಾಕಿಗಳು. ಒಂದು ರೆಸಾರ್ಟಿನವರು ನಲವತ್ತು ಟ್ರೇ ತೆಗೆದುಕೊಂಡು ಐದು ತಿಂಗಳು ಸತಾಯಿಸಿದರು. ಆಮೇಲೆ ಕಲಿತೆ. ಇಲ್ಲಿರುವ ಸಂಘದವರು ಬರೆದುಕೊಳ್ಳಿ: ತಯಾರಕರಾಗಿ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ, ಮಾಡಿಸಿ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಕೊಂಡವರು ದುಡ್ಡು ಕೊಡಲು ಎಷ್ಟೇ ಗಡುವು ಬರೆದುಕೊಂಡರೂ 45 ದಿನ ಮೀರುವಂತಿಲ್ಲ, ಮೀರಿದರೆ ಬಡ್ಡಿ. 2023ರಲ್ಲಿ ಬಂದ, ಕೈಕಸುಬಿನವರಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಪೊರಕೆ ಮಾಡುವವರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿವರೆಗೆ ಸಿಗುತ್ತದೆ.

ಒಬ್ಬ ಹುಡುಗ ಆಗಲೇ ಕೈ ಎತ್ತಿದ್ದ. ಹೆಣೆಯುವವರ ಫೋಟೋ ಯಾಕೆ ಹಾಕುವುದಿಲ್ಲ, ಹಾಕಿದರೆ ಜಾಸ್ತಿ ಮಾರಾಟವಾಗುತ್ತಲ್ಲ ಅಂತ. ಕೇಳಿ ನೋಡಿದ್ದೆ ಮಗ. ಆ ಅಕ್ಕ ಒಪ್ಪಿದರು, ಆದರೆ ಬುಟ್ಟಿ ಹೆಣೆಯುವಾಗ ಬೇಡ, ಮಗಳ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟಿದ್ದನ್ನು ಹಾಕು ಅಂದರು. ಈಗ ಗಲ್ಲಾಪೆಟ್ಟಿಗೆ ಹಿಂದೆ ಅದೇ ಫೋಟೋ ಇದೆ. ಗಿರಾಕಿಗಳು ನನ್ನ ಅಕ್ಕನಾ ಅಂತ ಕೇಳುತ್ತಾರೆ.

ಬುಟ್ಟಿ ಎಲ್ಲಿದೆ? ಹಿಂದಿನ ಸಾಲಿನಲ್ಲಿ ಯಾರೋ ಬ್ಯಾಗಿನ ಹತ್ತಿರ ಇಟ್ಟುಕೊಂಡಿದ್ದೀರಿ. ಕೊಡಿ ಇತ್ತ, ಅದು ಆಗಲೇ ಮಾರಾಟವಾಗಿದೆ. ಮೇ ತಿಂಗಳಲ್ಲಿ ವಿರಾಜಪೇಟೆಯ ಮದುವೆಗೆ ಹೋಗಬೇಕು.