ಶಾಲು ಸಾಕು, ನಾಲ್ಕು ಪುಟ ಓದಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮೂಡಲ್ಲೇ ಕೂತಿದ್ದೇನೆ. ಜಗಳ ಯಾರ ಜೊತೆ ಅಂದ್ರೆ, ಪುಸ್ತಕ ಬಿಡುಗಡೆ ಸಮಾರಂಭದ ಜೊತೆ.

ನಮ್ಮ ಉತ್ತರ ಕನ್ನಡದ ಬದಿ ಬರೆಯುವವರಿಗೇನೂ ಬರ ಇಲ್ಲ. ಗೋಕರ್ಣದ ಸುತ್ತಮುತ್ತ ಒಂದು ಸೈಕಲ್ ಹೊಡೆದು ಬರುವಷ್ಟು ಜಾಗದಲ್ಲೇ ಲೆಕ್ಕ ಹಾಕಿ. ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿ, ಅವರ ಮಗ ಜಯಂತ. ಪಕ್ಕದ ಹನೇಹಳ್ಳಿಯಲ್ಲಿ ಹುಟ್ಟಿದ ಗಂಗಾಧರ ಚಿತ್ತಾಲ, ಯಶವಂತ ಚಿತ್ತಾಲ. ಅಲ್ಲೇ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದ ಸು.ರಂ. ಎಕ್ಕುಂಡಿ. ಅಂಕೋಲೆ ಕಡೆ ತಿರುಗಿದ್ರೆ ದಿನಕರ ದೇಸಾಯಿ. ಈಗಲೂ ಬರೆಯುವವರು ಬರೀತಾನೇ ಇದ್ದಾರೆ. ಕುಮಟೆಯಲ್ಲಿ ಒಂದು ಕವನ ಸಂಕಲನ, ಸಿದ್ದಾಪುರದಲ್ಲಿ ಒಂದು ಕಾದಂಬರಿ, ಹೊನ್ನಾವರದಲ್ಲಿ ಲಲಿತ ಪ್ರಬಂಧ. ವರ್ಷವಿಡೀ ಏನಾದರೊಂದು ಬರುತ್ತೆ.

ಆದ್ರೆ ಅದು ಊರಿನ ಕಿವಿಗೆ ಬೀಳುವ ರೀತಿ ನೋಡಿ. ಹಾಲ್ ಬುಕ್ ಆಗುತ್ತೆ. ವೇದಿಕೆಯ ಮೇಲೆ ಅಧ್ಯಕ್ಷರು, ಉದ್ಘಾಟಕರು, ಬಿಡುಗಡೆ ಮಾಡುವವರು, ಪುಸ್ತಕ ಪರಿಚಯಿಸುವವರು, ಇಬ್ಬರು ಮುಖ್ಯ ಅತಿಥಿಗಳು, ಕೊನೆಗೆ ಒಂದು ಮೂಲೆಯ ಕುರ್ಚಿಯಲ್ಲಿ ಲೇಖಕರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ. ಆಮೇಲೆ ಪುಸ್ತಕ ಬಿಡುಗಡೆ. ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿರ್ತಾರಲ್ಲ, ಅದು ಯಾವಾಗಲೂ ಬ್ರಹ್ಮಗಂಟು. ಬಿಚ್ಚೋದಕ್ಕೆ ಬರಲ್ಲ, ಯಾರೋ ಬ್ಲೇಡ್ ಹುಡುಕ್ತಾ ಹೋಗ್ತಾರೆ. ಬಿಚ್ಚಿದ ಮೇಲೆ ಎಲ್ಲರೂ ಎದೆಯ ಹತ್ತಿರ ಹಿಡ್ಕೊಂಡು ನಿಲ್ತಾರೆ, ಫೋಟೋದವನು 'ಸರ್, ಸ್ವಲ್ಪ ಮೇಲೆ, ಮುಖಪುಟ ಈ ಕಡೆ' ಅಂತಾನೆ. ಆಮೇಲೆ ಭಾಷಣಗಳು. ಲೇಖಕರ ಸರದಿ ಬರುವ ಹೊತ್ತಿಗೆ ನಿರೂಪಕರು 'ಸಮಯದ ಅಭಾವ' ಅಂತ ಚೀಟಿ ಕಳಿಸಿರ್ತಾರೆ. ಪಾಪ, ಅವರು ವೇದಿಕೆ ಮೇಲಿದ್ದವರಿಗೆಲ್ಲ ಕೃತಜ್ಞತೆ ಹೇಳಿ ಕೂತ್ಕೊಳ್ತಾರೆ. ಎರಡೂವರೆ ತಾಸು ನಡೆದ ಕಾರ್ಯಕ್ರಮದಲ್ಲಿ ಆ ಪುಸ್ತಕದ ಒಂದೇ ಒಂದು ವಾಕ್ಯ ಯಾರ ಕಿವಿಗೂ ಬಿದ್ದಿರಲ್ಲ.

ಇನ್ನು ಮಾರಾಟದ ಟೇಬಲ್. ಅದು ಎಲ್ಲಿರುತ್ತೆ? ಬಾಗಿಲಲ್ಲಿ, ಚಪ್ಪಲಿ ಬಿಟ್ಟ ಜಾಗದ ಪಕ್ಕ. ಲೇಖಕರ ಭಾವನೆಂಟ ರಸೀದಿ ಪುಸ್ತಕ ಹಿಡ್ಕೊಂಡು ಕೂತಿರ್ತಾರೆ. ಊಟದ ವ್ಯವಸ್ಥೆ ಹಿಂದುಗಡೆ. ಜನ ಹಿಂದಿನ ಬಾಗಿಲಿಂದಲೇ ಹೋಗಿಬಿಡ್ತಾರೆ.

ನನ್ನ ವಾದ ಇಷ್ಟೇ. ಬಿಡುಗಡೆ ಬೇಕಾದ್ರೆ ಮಾಡ್ಕೊಳ್ಳಿ, ಹಿರಿಯರ ಆಶೀರ್ವಾದ ಯಾರಿಗೆ ಬೇಡ. ಆದ್ರೆ ಅದಾದ ಮೇಲೆ ಲೇಖಕರು ಊರಿನ ಪುಸ್ತಕದಂಗಡಿಗೆ ಬರಬೇಕು. ಒಂದು ಸ್ಟೂಲಿನ ಮೇಲೆ ಕೂತು ತಾವು ಬರೆದದ್ದನ್ನ ತಾವೇ ಓದಬೇಕು. ಇಪ್ಪತ್ತು ನಿಮಿಷ. ಆಮೇಲೆ ಬಂದವರು ಕೇಳಿದ್ದಕ್ಕೆ ಉತ್ತರ, ಆಮೇಲೆ ಸಹಿ. ಹಾರ ಇಲ್ಲ, ಶಾಲಿಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ.

ಇದನ್ನ ಹೇಳಿದ ಕೂಡಲೇ ಬರುವ ಮಾತು ಗೊತ್ತು. 'ಓದೋದು ಕೇಳೋಕೆ ಯಾರು ಬರ್ತಾರೆ ಮಾರಾಯ್ರೆ? ಜನಕ್ಕೆ ತಾಳ್ಮೆ ಇಲ್ಲ.'

ಈ ಮಾತನ್ನ ಬೇರೆ ಯಾವ ಜಿಲ್ಲೆಯವರಾದ್ರೂ ಹೇಳಲಿ, ಒಪ್ಪಬಹುದು. ನಾವು ಹೇಳೋ ಹಾಗಿಲ್ಲ. ತಾಳಮದ್ದಳೆಯ ನಾಡು ಇದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಪಂಚೆ ಉಟ್ಟ ನಾಲ್ಕು ಜನ ಎದುರುಬದುರು ಕೂತು ಅರ್ಥ ಹೇಳ್ತಾರೆ. ಕೇಳೋದಕ್ಕೆ ಇರೋದು ಹಾಡು, ಮಾತು, ಅಷ್ಟೇ. ಕೃಷ್ಣಸಂಧಾನದಲ್ಲಿ ಸಂಧಿ ಆಗಲ್ಲ ಅಂತ ಕೂತವರಿಗೆಲ್ಲ ಗೊತ್ತು. ಆದ್ರೂ ಇವತ್ತಿನ ಕೌರವ ಏನು ವಾದ ಹೂಡ್ತಾನೆ ಅಂತ ನಡುರಾತ್ರಿವರೆಗೆ ಕೇಳ್ತಾರೆ, ಮರುದಿನ ಚಾ ಅಂಗಡಿಯಲ್ಲಿ ಅದನ್ನೇ ಚರ್ಚೆ ಮಾಡ್ತಾರೆ. ಇಂಥ ಕಿವಿ ಇರುವ ಜನಕ್ಕೆ ಇಪ್ಪತ್ತು ನಿಮಿಷ ಕಥೆ ಕೇಳೋ ತಾಳ್ಮೆ ಇಲ್ಲ ಅನ್ನೋದು ಸಂಘಟಕರ ಸೋಮಾರಿತನ. ಹೌದು, ಸೋಮಾರಿತನ ಅಂತಲೇ ಹೇಳ್ತೇನೆ.

ಎರಡನೇ ಮಾತು: 'ಎಲ್ಲ ಲೇಖಕರಿಗೂ ಓದೋಕೆ ಬರಲ್ಲ.' ಇದು ನಿಜ. ಕೆಲವರು ತಮ್ಮದೇ ಕವಿತೆಯನ್ನ ನೋಟೀಸ್ ಓದಿದ ಹಾಗೆ ಓದ್ತಾರೆ. ಇದಕ್ಕೆ ಮದ್ದು ತಯಾರಿ. ಚಾರ್ಲ್ಸ್ ಡಿಕನ್ಸ್ 1867ರ ಕೊನೆಗೆ ಅಮೆರಿಕಕ್ಕೆ ಹೋಗಿ 1868ರ ಏಪ್ರಿಲ್ ತನಕ ಊರಿಂದ ಊರಿಗೆ ತನ್ನ ಕಥೆ ಓದ್ತಾ ತಿರುಗಿದ, ಜನ ಟಿಕೆಟ್ ತಗೊಂಡು ಕೇಳಿದ್ರು. ಅಷ್ಟು ದೊಡ್ಡ ಹೆಸರು. ಆದ್ರೂ ಪುಸ್ತಕ ಇದ್ದ ಹಾಗೇ ಓದ್ತಿರಲಿಲ್ಲ. ಓದೋದಕ್ಕೆ ಅಂತಲೇ ಬೇರೆ ಪ್ರತಿ ಇಟ್ಕೊಂಡು, ಸಾಲು ಹೊಡೆದು ಹಾಕಿ, ಎಲ್ಲಿ ದನಿ ಹೇಗಿರಬೇಕು ಅಂತ ಅಂಚಿನಲ್ಲಿ ಗುರುತು ಮಾಡಿಕೊಳ್ತಿದ್ದ. ನಮ್ಮವರು ಅಂಗಡಿಗೆ ಬಂದು ನಿಂತ ಮೇಲೆ 'ಯಾವುದು ಓದಲಿ?' ಅಂತ ಪುಟ ತಿರುವಿದ್ರೆ ಹೇಗೆ?

ಕಳೆದ ಮಳೆಗಾಲ ಶಿರಸಿಯ ಒಂದು ಅಂಗಡಿಯಲ್ಲಿ ಇಂಥದ್ದೊಂದು ಓದಿಗೆ ಹೋಗಿದ್ದೆ. ಅಂಗಡಿ ಅಂದ್ರೆ ನಮ್ಮಲ್ಲಿ ಇರೋ ಥರದ್ದೇ. ಮುಂದೆ ನೋಟ್‌ಬುಕ್ಕು, ಗೈಡು, ಜಾಮಿಟ್ರಿ ಬಾಕ್ಸು, ಒಳಗೆ ಎರಡು ರ‍್ಯಾಕ್ ಕನ್ನಡ ಪುಸ್ತಕ. ಶಾಲೆ ಶುರುವಾದ ಗದ್ದಲ ಮುಗಿದಿತ್ತು. ಮಾಲೀಕರು ಕೌಂಟರ್ ಪಕ್ಕಕ್ಕೆ ಸರಿಸಿ, ಎದುರಿನ ಟೇಲರ್ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ್ರು. ಓದೋದಕ್ಕೆ ಬಂದವರು ರಿಟೈರ್ ಆದ ಶಾಲೆಯ ಅಕ್ಕೋರು, ಅವರ ಮೊದಲ ಕಥಾಸಂಕಲನ. ಕೇಳೋದಕ್ಕೆ ಬಂದವರು ಕುರ್ಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಬ್ಬ ಹುಡುಗ ಗೈಡ್ ತಗೊಳ್ಳೋಕೆ ಬಂದವನು ನೋಟ್‌ಬುಕ್ ಬಂಡಲ್ ಮೇಲೇ ಕೂತ.

ಓದು ಶುರುವಾಗಿ ಎರಡು ಪುಟ ಆಗಿರಲಿಲ್ಲ, ಮಳೆ ಹೊಡೀತು ನೋಡಿ. ತಗಡಿನ ಮಾಡು. ಆಷಾಢದ ಮಳೆ. ಅಕ್ಕೋರ ಬಾಯಿ ಆಡೋದು ಕಾಣ್ತದೆ, ಶಬ್ದ ಇಲ್ಲ. ಅವರು ಪುಸ್ತಕದಲ್ಲಿ ಬೆರಳಿಟ್ಟು ಸುಮ್ಮನೆ ಕೂತ್ರು. ನಾವೂ ಕೂತ್ವಿ. ಯಾರೋ ಕಷಾಯ ತಂದ್ರು. ಮಳೆ ಸ್ವಲ್ಪ ತಗ್ಗಿದ ಮೇಲೆ ಅವರು ಬೆರಳಿಟ್ಟ ಸಾಲಿನಿಂದಲೇ ಮುಂದುವರಿಸಿದ್ರು. ಕಥೆಯಲ್ಲಿ ಒಬ್ಬ ಅತ್ತೆ ಕೊಟ್ಟಿಗೆಯಲ್ಲಿ ಸಿಟ್ಟು ಮಾಡ್ಕೊಂಡು ಕೂತಿರ್ತಾಳೆ. ಅಲ್ಲಿಗೆ ನಿಲ್ಲಿಸಿಬಿಟ್ರು. ಹಿಂದೆ ಕೂತ ಒಬ್ಬ ಅಜ್ಜಿ ಕೇಳಿದ್ರು, 'ಅಕ್ಕೋರೇ, ಅಲ್ಲ, ಅವಳಿಗೆ ಊಟಕ್ಕೆ ಕರೆದವರು ಯಾರು?'

ಅಕ್ಕೋರು ನಕ್ಕು, 'ಅದಕ್ಕೆ ನೂರೈವತ್ತು ರೂಪಾಯಿ ಆಗ್ತದೆ' ಅಂದ್ರು.

ಅಜ್ಜಿ ಸಂಚಿ ಬಿಚ್ಚಿ ದುಡ್ಡು ಎಣಿಸಿದ್ರು. ಆ ಅಜ್ಜಿ ಬಿಡುಗಡೆಗೆ ಹೋಗಿದ್ರೆ, ಪುಸ್ತಕ ಪರಿಚಯಿಸುವವರು 'ಸ್ತ್ರೀ ಸಂವೇದನೆಯ ವಿಶಿಷ್ಟ ಅಭಿವ್ಯಕ್ತಿ' ಅಂದಾಗ ಮೊಬೈಲ್ ನೋಡ್ತಾ ಕೂತಿರ್ತಿದ್ರು.

ಸಹಿ ವಿಷಯಕ್ಕೆ ಬರೋಣ. ಸಹಿ ಹಾಕಿಸಿಕೊಳ್ಳೋದನ್ನ ಕೆಲವರು ಸಿನಿಮಾದವರ ಆಟೋಗ್ರಾಫ್ ಥರದ ಹುಚ್ಚು ಅಂತ ತಳ್ಳಿಹಾಕ್ತಾರೆ. ನಾನು ಒಪ್ಪಲ್ಲ. ಶಿರಸಿಯಲ್ಲಿ ಆವತ್ತು ಸಾಲು ನಿಂತಾಗ ಪ್ರತಿಯೊಬ್ಬರ ಹತ್ರ ಅಕ್ಕೋರು ಕೇಳಿದ್ದು ಹೆಸರು ಒಂದೇ ಅಲ್ಲ. 'ಯಾವ ಊರು?' ಬೊಮ್ಮನಳ್ಳಿ ಅಂದ್ರೆ 'ಬೊಮ್ಮನಳ್ಳಿಯಲ್ಲಿ ಯಾರ ಪೈಕಿ?' ಅಲ್ಲಿಂದ ಹಳೇ ವಿದ್ಯಾರ್ಥಿಗಳು, ಸಂಬಂಧ, ತೋಟ, ಎಲ್ಲ ಹೊರಗೆ ಬಂತು. ಸಾಲು ಮುಂದೆ ಹೋಗ್ತಾನೇ ಇಲ್ಲ, ಯಾರಿಗೂ ಬೇಜಾರೂ ಇಲ್ಲ. ಪುಸ್ತಕದ ಮೊದಲ ಪುಟದಲ್ಲಿ ಹೆಸರು, ಊರು, ತಾರೀಖು. ಜೆಲ್ ಪೆನ್ನಿನ ಶಾಯಿ ಆ ಮಳೆಯ ಥಂಡಿಗೆ ಒಣಗ್ತಿರಲಿಲ್ಲ, ಮಾಲೀಕರು ಹಳೇ ಬಿಲ್ ಹಾಳೆ ಹರಿದು ನಡುವೆ ಇಟ್ಟು ಕೊಡ್ತಿದ್ರು.

ಈಗ ಇನ್ನೊಂದು ಚಾಲ್ತಿಗೆ ಬಂದಿದೆ. 'ಮುಂಗಡ ಬುಕ್ ಮಾಡಿದವರಿಗೆ ಲೇಖಕರ ಹಸ್ತಾಕ್ಷರದ ಪ್ರತಿ'. ಲೇಖಕರು ಪ್ರಕಾಶಕರ ಆಫೀಸಿನಲ್ಲಿ ಕೂತು ಕೈ ಸೋಲುವವರೆಗೆ ಸಹಿ ಹಾಕ್ತಾರೆ, ಕೊರಿಯರ್‌ನಲ್ಲಿ ಮನೆಗೆ ಬರುತ್ತೆ. ಪುಸ್ತಕ ಮಾರಾಟ ಆಗ್ತದಲ್ಲ, ಒಳ್ಳೇದೇ, ನಾನೂ ತರಿಸಿಕೊಂಡಿದ್ದೇನೆ. ಆದ್ರೆ ಆ ಸಹಿ ಹಾಕುವಾಗ ಅವರಿಗೆ ನಾನು ಗೊತ್ತಿಲ್ಲ, ನನಗೆ ಅವರ ದನಿ ಗೊತ್ತಿಲ್ಲ. ಜೊತೆಗೆ ಊರಿನ ಅಂಗಡಿಯವನಿಗೆ ಆ ವ್ಯಾಪಾರದಲ್ಲಿ ಏನೂ ಇಲ್ಲ. ಇದು ನನ್ನ ನಿಜವಾದ ತಕರಾರು.

ಅಂಗಡಿಯವರ ಲೆಕ್ಕ ನೋಡಿ. ಇನ್ನೂರು ರೂಪಾಯಿಯ ಪುಸ್ತಕ, ಒಂದು ಸಂಜೆಗೆ ಹನ್ನೆರಡು ಪ್ರತಿ ಹೋಯ್ತು ಅಂತ ಇಟ್ಕೊಳ್ಳಿ. ಕಮಿಷನ್ ಮೂರನೇ ಒಂದು ಪಾಲು ಅಂತ ಹಿಡಿದ್ರೂ ಎಂಟುನೂರು ರೂಪಾಯಿ. ಅದರಲ್ಲಿ ಕಷಾಯ, ಅವಲಕ್ಕಿ, ಬೆಂಗಳೂರಿಂದ ಪಾರ್ಸೆಲ್ ತರಿಸಿದ ಖರ್ಚು. ಅಂದ್ರೆ ಲಾಭ ಅನ್ನೋದು ಹೆಸರಿಗೆ. ಮಾರಾಟ ಆಗದೆ ಉಳಿದ ಪ್ರತಿ ಅಂಗಡಿಯವನ ತಲೆ ಮೇಲೆ ಬಿದ್ರೆ, ಅವನು ಇನ್ನೊಮ್ಮೆ ಈ ಉಸಾಬರಿಗೆ ಬರಲ್ಲ. ಅಮೆರಿಕದ ಸಣ್ಣ ಪುಸ್ತಕದಂಗಡಿಗಳು ಇಂಥ ಓದು ಇಟ್ಟಾಗ ಧೈರ್ಯವಾಗಿ ಪ್ರತಿ ತರಿಸೋದಕ್ಕೆ ಒಂದು ಕಾರಣ, ಉಳಿದದ್ದನ್ನ ಪ್ರಕಾಶಕರಿಗೆ ವಾಪಸ್ ಕಳಿಸುವ ಪದ್ಧತಿ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಶುರುವಾದದ್ದು, ಇನ್ನೂ ಇದೆ. ನಮ್ಮ ಪ್ರಕಾಶಕರು ವರ್ಷವಿಡೀ ಬೇಡ, ಓದಿನ ಸಂಜೆಗಾದ್ರೂ ಮೂವತ್ತು ಪ್ರತಿ ಹಾಗೆ ಕೊಡಿ. ಗ್ರಂಥಾಲಯದ ಸಗಟು ಖರೀದಿಯನ್ನೇ ನೆಚ್ಚಿಕೊಂಡು ಗೋಡೌನಿನಲ್ಲಿ ಕಟ್ಟು ಇಟ್ಟು ಕೂರುವುದಕ್ಕಿಂತ ಇದು ವಾಸಿ.

ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳನ್ನ ಹೊತ್ತುಕೊಂಡು ಊರೂರು ನಡೆದು ಮಾರಿದವರು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನ ಶುರು ಮಾಡಿದ್ರು. ಅದರ ಅಟ್ಟಕ್ಕೆ ಬೇಂದ್ರೆ ಬರ್ತಿದ್ರು, ಕುರ್ತಕೋಟಿ ಬರ್ತಿದ್ರು. ಶಿರಸಿಯಲ್ಲಿ ಬಾಲ್ಯ ಕಳೆದು ಧಾರವಾಡಕ್ಕೆ ಹೋದ ಗಿರೀಶ ಕಾರ್ನಾಡರು ಆ ಅಟ್ಟದ ಮೆಟ್ಟಿಲು ಹತ್ತಿದ್ರು, ಅವರ ಮೊದಲ ನಾಟಕ 1961ರಲ್ಲಿ ಅಲ್ಲಿಂದಲೇ ಬಂತು. ಬರೆಯುವವರೂ ಓದುವವರೂ ಪುಸ್ತಕದ ಕಟ್ಟುಗಳ ನಡುವೆ ಎದುರುಬದುರು ಕೂರೋದು ನಮಗೆ ಹೊಸದೇನಲ್ಲ.

ಹಾಂ, ಗೌರವ ಪ್ರತಿ. ದಯವಿಟ್ಟು ಕೇಳ್ಬೇಡಿ. ಲೇಖಕರ ಗೆಳೆಯರಿಗೇ ಈ ಮಾತು. 'ನಂಗೊಂದು ಪ್ರತಿ ಕೊಡಲಿಲ್ಲ ನೀನು' ಅಂತ ಮುನಿಸಿಕೊಳ್ಳುವ ಆಪ್ತರು ಐವರು ಇದ್ರೆ ಅಂಗಡಿಯ ಆ ಸಂಜೆ ಅಲ್ಲಿಗೇ ಮುಗೀತು. ತೆರೆಯದ ಗೌರವ ಪ್ರತಿಗಳು ಆಮೇಲೆ ರದ್ದಿಗೆ ಹೋಗ್ತವೆ, 'ಆತ್ಮೀಯ ಮಿತ್ರನಿಗೆ' ಅಂತ ಬರೆದದ್ದರ ಸಮೇತ.

ಕಾರವಾರದವರಿಗೆ ಒಂದು ಮಾತು ಪ್ರತ್ಯೇಕ ಇದೆ. ನಿಮ್ಮ ಕಡಲತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದುಳಿದ ತರುಣ ರವೀಂದ್ರರು ಆ ಸಮುದ್ರದ ಎದುರು ಒಂದು ನಾಟಕ ಬರೆದ್ರು ಅನ್ನೋದು ನಮ್ಮೆಲ್ಲರ ಹೆಮ್ಮೆ. ಸರಿ. ಆದ್ರೆ ಇವತ್ತು ಬದುಕಿ ಬರೀತಿರುವ ಒಬ್ಬರನ್ನ ಅದೇ ಪೇಟೆಯ ಅಂಗಡಿಗೆ ಕರೆದು ಕೂರಿಸಿ ಎಷ್ಟು ದಿನ ಆಯ್ತು? ರವಿವಾರ ಸಂತೆಗೆ ಸುತ್ತಲಿನ ಹಳ್ಳಿಯ ಜನ ಬಂದೇ ಬರ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಇಡಿ. ಓದು ಕನ್ನಡದಲ್ಲಿ ಇರಲಿ, ಪ್ರಶ್ನೆ ಕೊಂಕಣಿಯಲ್ಲಿ ಬರಲಿ. ಮನೆಯಲ್ಲಿ ಕೊಂಕಣಿ ಆಡಿ ಕನ್ನಡದಲ್ಲಿ ಬರೆದವರು ನಮ್ಮ ಕರಾವಳಿಯಲ್ಲಿ ಎಷ್ಟು ಜನ! ಬರೆದದ್ದನ್ನ ಓದಿ, ಅದರ ಬಗ್ಗೆ ಮನೆಮಾತಿನಲ್ಲಿ ಮಾತಾಡೋದಕ್ಕೆ ಅವರಿಗೆ ವೇದಿಕೆಯಲ್ಲಿ ಅವಕಾಶ ಸಿಗಲ್ಲ. ಅಂಗಡಿಯಲ್ಲಿ ಸಿಗುತ್ತೆ.

ಘಟ್ಟದ ಮೇಲಿನವರು ಅಡಿಕೆ ಕೊಯ್ಲಿನ ಸಮಯಕ್ಕೆ ಇಡಬೇಡಿ. ಆಗ ಯಾರಿಗೂ ಪುರುಸೊತ್ತಿಲ್ಲ, ರಾತ್ರಿಯೂ ಸುಲಿಯೋ ಕೆಲಸ. ಮಳೆಗಾಲವೇ ಸರಿ. ಹೊತ್ತು ಮಾತ್ರ ಸಂಜೆ ಆರಕ್ಕೆ ಅಂತ ಹಾಕಬೇಡಿ, ಹಳ್ಳಿಗೆ ಹೋಗೋ ಕೊನೇ ಬಸ್ಸಿನ ಚಿಂತೆಯಲ್ಲಿ ಜನ ಗಡಿಯಾರ ನೋಡ್ತಾ ಕೂತಿರ್ತಾರೆ. ಮೂರೂವರೆಗೆ ಶುರು, ಐದಕ್ಕೆ ಮುಗೀಬೇಕು.

ಲೇಖಕರಿಗೆ ಹೋಗಿಬರೋ ಖರ್ಚು ಕೊಡಿ. ಲೇಖಕಿಯರಾದ್ರೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ ಅಂತ ಯಾರೋ ನಗೆಯಾಡಿದ್ರು. ಪುಕ್ಕಟೆ ಬಂದ್ರೂ ಕೊಡಿ. ಶಾಲಿಗೆ, ಹಾರಕ್ಕೆ, ಹಣ್ಣಿನ ಬುಟ್ಟಿಗೆ ಎತ್ತಿಟ್ಟ ದುಡ್ಡು ಇರ್ತದಲ್ಲ, ಅದರಲ್ಲೇ ಆಗ್ತದೆ.