ಚಿಮಣಿ ಬರುವ ಮುಂಚಿನ ಮನೆ

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನ ಹಳ್ಳಿಮನೆ ಎಂದೊಡನೆ ಕ್ಯಾಲೆಂಡರಿನ ಚಿತ್ರ ನೆನಪಾಗುತ್ತದೆ: ಬಿಳಿ ಗೋಡೆ, ಕರಿ ಮರದ ಪಟ್ಟಿಗಳು, ಸೂರಿನ ಮೇಲೊಂದು ಚಿಮಣಿ. ಆದರೆ ಕೆಂಟ್, ಸಸೆಕ್ಸ್ ಕಡೆಯ 15ನೇ ಶತಮಾನದ ಮನೆಗಳಿಗೆ ಚಿಮಣಿ ಆಮೇಲೆ ಬಂದದ್ದು. ಕರಿ ಬಣ್ಣವೂ ಅಲ್ಲಿ ಬಹುಮಟ್ಟಿಗೆ 19ನೇ ಶತಮಾನದವರ ಷೋಕಿ. ಅಷ್ಟೇ ಏಕೆ, ಇವುಗಳಲ್ಲಿ ಎಷ್ಟೋ ಬಡವರ ಗುಡಿಸಲೂ ಅಲ್ಲ, ಅನುಕೂಲಸ್ಥ ರೈತರ ಮನೆಗಳು.

ಬಡಗಿ ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದ. ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗದು. ತನ್ನ ಅಂಗಳದಲ್ಲೇ ಕಂಬ, ತೊಲೆಗಳನ್ನು ಹರಡಿ, ಕೂಡು ಕೊರೆದು, ಜೋಡಿಸಿ ನೋಡಿ, ಒಂದೊಂದು ಕೂಡಿಗೂ ರೋಮನ್ ಅಂಕಿಯಂಥ ಗುರುತು ಗೀಚುತ್ತಿದ್ದ. ಆಮೇಲೆ ಎಲ್ಲ ಬಿಚ್ಚಿ, ನಿವೇಶನಕ್ಕೆ ಸಾಗಿಸಿ, ಮತ್ತೆ ನಿಲ್ಲಿಸುವುದು. ಕೂಡುಗಳಿಗೆ ಮೊಳೆಯಿಲ್ಲ, ಮರದ ಗೂಟ. ಎರಡು ಮರಗಳ ತೂತುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಆಚೀಚೆ ಕೊರೆದಿರುತ್ತಿದ್ದರು. ಗೂಟ ಹೊಡೆದಂತೆ ಕೂಡು ತಾನಾಗಿ ಬಿಗಿಯುತ್ತಿತ್ತು. ಹಸಿ ಮರ ಒಣಗುತ್ತಾ ತಿರುಚಿಕೊಳ್ಳುತ್ತದೆ. ಆ ಮನೆಗಳ ಸೊಟ್ಟಕ್ಕೆ ಅದೂ ಒಂದು ಕಾರಣ. ಚೌಕಟ್ಟಿನ ನಡುವೆ ಹೇಜಲ್ ಕಡ್ಡಿಯ ತಡಿಕೆ, ಅದರ ಮೇಲೆ ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿದ ಮೆತ್ತು. ನಮ್ಮೂರ ತಡಿಕೆ ಗೋಡೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಡುಮನೆಗೆ ಅಟ್ಟವಿರಲಿಲ್ಲ. ನೆಲದ ಮೇಲೆ ಬೆಂಕಿ, ಹೊಗೆಗೆ ಮಾಡಿನ ಸಂದುಗಳೇ ದಾರಿ. 16, 17ನೇ ಶತಮಾನಗಳಲ್ಲಿ ಇಟ್ಟಿಗೆಯ ಚಿಮಣಿ ಎದ್ದಿತು, ನಡುಮನೆಗೆ ಅಟ್ಟ ಬಂತು, ಮೇಲೆ ಮಲಗುವ ಕೋಣೆಗಳಾದವು. ಹಳೆಯ ಸ್ಥಿತಿಗೆ ಸಾಕ್ಷಿ ಮಾಡಿನೊಳಗಿದೆ: ಜಂತಿಗಳಿಗೆ ಮಸಿ ಗಟ್ಟಿಯಾಗಿ ಹಿಡಿದಿರುತ್ತದೆ, ಆಮೇಲೆ ಸೇರಿಸಿದ ಮರಕ್ಕೆ ಆ ಮಸಿಯಿಲ್ಲ. ತೊಲೆಯ ಅಡಿಯಲ್ಲಿ ಖಾಲಿ ತೂತುಗಳ ಸಾಲು ಕಂಡರೆ ಅಲ್ಲೊಂದು ಗೋಡೆ ಇತ್ತು, ಯಾರೋ ಕಿತ್ತರು ಎಂದರ್ಥ. ಮುಂದೆ ಇಂಥ ಮನೆಗಳನ್ನು ಪಾಲು ಮಾಡಿ ಕೂಲಿಕಾರರಿಗೆ ಬಾಡಿಗೆಗೆ ಕೊಟ್ಟದ್ದೂ ಉಂಟು.

ಇವಕ್ಕೆಲ್ಲ ಮರ ತಡೆದುಕೊಂಡಿತು. ತಡೆಯಲಾರದೆ ಹೋದದ್ದು 20ನೇ ಶತಮಾನದ ಸಿಮೆಂಟನ್ನು. ಸುಣ್ಣದ ಗಾರೆ ತೇವವನ್ನು ಆಚೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟು ಓಕನ್ನು ಕೊಳೆಸುತ್ತದೆ.

ಕೆಂಟಿನ ಚಿಡಿಂಗ್‌ಸ್ಟೋನ್ ಬಳಿ ಬೇಲೀಫ್ ಎಂಬ ಹೆಸರಿನ ರೈತಮನೆಯೊಂದಿತ್ತು. 1960ರ ದಶಕದಲ್ಲಿ ಜಲಾಶಯ ಕಟ್ಟುವಾಗ ಅದನ್ನು ಬಿಚ್ಚಿ, ಸಸೆಕ್ಸಿನ ಸಿಂಗಲ್‌ಟನ್‌ನ ಬಯಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ನಿಲ್ಲಿಸಿದರು. ಗೂಟ ಕಿತ್ತರೆ ಬಿಚ್ಚಿಕೊಳ್ಳುವ ಕಟ್ಟಡವಾದ್ದರಿಂದ ಅದು ಸಾಧ್ಯವಾಯಿತು. ಆದರೆ ನಿಲ್ಲಿಸುವಾಗ ನಂತರದ ಮಾರ್ಪಾಡುಗಳನ್ನು ಬಿಟ್ಟು, ನಡುಮನೆಯ ಬೆಂಕಿಯನ್ನೇ ಮರಳಿ ತಂದರು. ನೋಡುವವರಿಗೆ ಪಾಠವೇನೋ ಸ್ಪಷ್ಟ. ನನ್ನನ್ನು ಕೇಳಿದರೆ, ಊರಲ್ಲೇ ಉಳಿದ ಮನೆಗೆ ಹಾಗೆ ಮಾಡಬಾರದು. ಹೊಗೆಯಿಂದ ಬೇಸತ್ತು ಚಿಮಣಿ ಕಟ್ಟಿಸಿದವರೂ ಆ ಮನೆಯವರೇ ತಾನೆ? ನಮಸ್ಕಾರ.